ಅಲ್ಲಾಡಿಸಿದರೆ ಸದ್ದು ಬಾರದ್ದು

ನಮ್ಮ ತಿಪಟೂರು ಸೀಮೆಯ ಹೆಣ್ಣುಮಕ್ಕಳಿಗೆ ಬೇರೇನು ಬಾರದಿದ್ದರೂ ಒಂದು ವಿದ್ಯೆ ಬಂದೇ ಬರುತ್ತದೆ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುವ ವಿದ್ಯೆ. ನೀರಾಡುವ ಸದ್ದು ಬಂದರೆ ಇನ್ನೂ ಕಾಯಬೇಕು. ಗಡಗಡ ಎಂದು ಉಂಡೆ ಉರುಳುವ ಸದ್ದು ಬಂದರೆ ಕೊಬ್ಬರಿ ಆಗಿದೆ, ಸುಲಿಯಬಹುದು. ನನ್ನ ತವರಿನ ಅಟ್ಟದಲ್ಲಿ ನಾನು ಎಂಟು ವರ್ಷದವಳಿದ್ದಾಗಲೇ ಇದನ್ನು ಕಲಿತೆ.

ಹೋದ ವರ್ಷ, ಅಂದರೆ 2025ರ ನವರಾತ್ರಿಯಲ್ಲಿ, ಬೆಂಗಳೂರಿನ ಎಸ್.ಪಿ. ರೋಡಿನ ಅಂಗಡಿಯೊಂದರಲ್ಲಿ ಮಗ ನನ್ನ ಕೈಗೆ ಒಂದು ಪುಟ್ಟ ಡಬ್ಬಿ ಕೊಟ್ಟ. ಅಭ್ಯಾಸಬಲ ನೋಡಿ, ನಾನು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿಬಿಟ್ಟೆ! ಅಂಗಡಿಯ ಹುಡುಗರು ಮುಖ ತಿರುಗಿಸಿ ನಕ್ಕರು. ಮಗನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿರಬೇಕು.

"ಅಮ್ಮಾ, ಅದ್ರಲ್ಲಿ ಅಲ್ಲಾಡೋದು ಏನೂ ಇಲ್ಲ. ಅದಕ್ಕೇ ಅಲ್ವಾ ಅದು ಎಸ್‌ಎಸ್‌ಡಿ" ಅಂದ.

ಆ ಡಬ್ಬಿಯ ಬೆಲೆ 5,400 ರೂಪಾಯಿ. ನನ್ನ ಚೀಟಿಯ ದುಡ್ಡು. ಅದನ್ನು ಆರಿಸುವುದಕ್ಕೆ ನಮ್ಮ ಮನೆಯಲ್ಲಿ ಮೂರು ವಾರ ಕುರುಕ್ಷೇತ್ರವೇ ನಡೆದಿತ್ತು. ಎಸ್‌ಎಸ್‌ಎಲ್‌ಸಿ ಓದಿದ ನಾನು ಕಂಪ್ಯೂಟರಿನ ವಿಷಯ ಬರೆಯಹೊರಟಿದ್ದೇನೆಂದು ನಗಬೇಡಿ. ನನಗೆ ಇದರಲ್ಲಿ ತಲೆ ಹಾಕಲೇಬೇಕಾದ ಕಾರಣವಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮವರದು ಫೋಟೋ ಸ್ಟುಡಿಯೋ. ಬಿ.ಎಚ್. ರಸ್ತೆಯಲ್ಲಿ ಬಾಡಿಗೆ ಅಂಗಡಿಯಿತ್ತು. ಮದುವೆ, ನಾಮಕರಣ, ಗೃಹಪ್ರವೇಶ ಎಂದು ಸುತ್ತಮುತ್ತಲ ಹಳ್ಳಿಗಳಿಗೆಲ್ಲ ಇವರೇ ಹೋಗುತ್ತಿದ್ದರು. 2019ರ ಮೇ ತಿಂಗಳಲ್ಲಿ ಒಂದು ಮದುವೆ. ಹುಡುಗಿಯ ತಂದೆ ಮೇಷ್ಟ್ರು, ಇವರಿಗೆ ಪರಿಚಯದವರು. ಎರಡು ದಿನದ ಫೋಟೋ, ವಿಡಿಯೋ ಎಲ್ಲ ತೆಗೆದು ಅಂಗಡಿಯ ಕಂಪ್ಯೂಟರಿಗೆ ತುಂಬಿಸಿದರು. ಲಗ್ನದ ಕಾಲ. ಕ್ಯಾಮೆರಾದ ಕಾರ್ಡುಗಳನ್ನು ಅಳಿಸಿ ಮಾರನೆಯ ಮದುವೆಗೆ ತೆಗೆದುಕೊಂಡು ಹೋದರು. ಎಲ್ಲರೂ ಹಾಗೇ ಮಾಡುತ್ತಾರೆ.

ಜೂನ್ ತಿಂಗಳ ಒಂದು ಬೆಳಿಗ್ಗೆ ಕಂಪ್ಯೂಟರಿನೊಳಗಿಂದ ಟಕ್, ಟಕ್, ಟಕ್ ಎಂದು ಸದ್ದು. ಹಾರ್ಡ್ ಡಿಸ್ಕಿನಲ್ಲಿ ಗ್ರಾಮಫೋನ್ ಪ್ಲೇಟಿನ ಹಾಗೆ ತಟ್ಟೆಗಳು ನಿಮಿಷಕ್ಕೆ 7,200 ಸುತ್ತು ತಿರುಗುತ್ತಿರುತ್ತವೆಯಂತೆ. ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಸೂಜಿಯಂಥದ್ದು ಓಡಾಡುತ್ತಿರುತ್ತದೆ. ಅದು ಕೆಟ್ಟಾಗ ಬರುವ ಸದ್ದು ಅದು. ಆಗಲೇ ಪ್ಲಗ್ ಕಿತ್ತು ಸುಮ್ಮನಿದ್ದಿದ್ದರೆ ಏನಾದರೂ ಉಳಿಯುತ್ತಿತ್ತೋ ಏನೋ. ಇವರು ಗಾಬರಿಯಲ್ಲಿ ಹತ್ತು ಸಲ ಆರಿಸಿ ಹತ್ತು ಸಲ ಹಚ್ಚಿದರು. ಬೆಂಗಳೂರಿಗೆ ಒಯ್ದು ತೋರಿಸಿದಾಗ, "35 ಸಾವಿರ ಆಗುತ್ತೆ. ಆದ್ರೂ ಸಿಗುತ್ತೆ ಅಂತ ಹೇಳೋಕಾಗಲ್ಲ, ತಟ್ಟೆಯೇ ಗೀರಿಹೋಗಿದೆ" ಅಂದರಂತೆ. ಅಷ್ಟು ದುಡ್ಡು ನಮ್ಮಲ್ಲಿರಲಿಲ್ಲ. ಮೇಷ್ಟ್ರ ಮನೆಗೆ ಹೋಗಿ ಮುಂಗಡ ವಾಪಸ್ಸು ಕೊಟ್ಟು, ಕೈಮುಗಿದು ಬಂದರು. ಮೇಷ್ಟ್ರು ದೊಡ್ಡ ಮನಸ್ಸಿನವರು. "ಹೋಗ್ಲಿ ಬಿಡಿ, ಮಗಳು ಚೆನ್ನಾಗಿದ್ರೆ ಸಾಕು" ಎಂದು ಕಾಫಿ ಕೊಟ್ಟು ಕಳಿಸಿದರಂತೆ.

ಆಗಸ್ಟಿನಲ್ಲಿ ಆ ಮೇಷ್ಟ್ರು ತೀರಿಕೊಂಡರು. ಹೃದಯಾಘಾತ.

ಗೌರಿಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಆ ಹುಡುಗಿ ನಮ್ಮ ಮನೆ ಬಾಗಿಲಿಗೆ ಬಂದಳು. "ಆಂಟಿ, ಒಂದೇ ಒಂದು ಫೋಟೋ ಸಿಕ್ಕಿದ್ರೂ ಸಾಕಾಗಿತ್ತು. ಅಪ್ಪ ಧಾರೆ ಎರೆಯೋದು" ಅಂದಳು. ನೆಂಟರ ಮೊಬೈಲುಗಳಲ್ಲಿ ನಾಲ್ಕಾರು ಫೋಟೋ ಇದ್ದುವಂತೆ, ಒಂದರಲ್ಲೂ ಅಪ್ಪನ ಮುಖ ನೆಟ್ಟಗೆ ಬಿದ್ದಿಲ್ಲವಂತೆ. ನಮ್ಮವರು ಒಳಕೋಣೆಯಲ್ಲಿದ್ದರು, ಹೊರಗೆ ಬರಲಿಲ್ಲ. ನಾನೇ ಮಾತಾಡಿಸಿ, ಊಟಕ್ಕೆ ಏಳಮ್ಮ ಅಂದರೆ ಒಲ್ಲೆ ಅಂದಳು. ಕುಂಕುಮ ಕೊಟ್ಟು ಕಳಿಸಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅವತ್ತು ರಾತ್ರಿ ಇವರು ಊಟ ಮಾಡದೆ ಮಲಗಿದರು. ಆ ಸತ್ತ ಡಿಸ್ಕನ್ನು ಎಸೆಯದೆ ಬೀರುವಿನಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಾರೆ, ಇವತ್ತಿಗೂ.

ಕೊರೋನಾ ಬಂದ ಮೇಲೆ 2021ರಲ್ಲಿ ಅಂಗಡಿ ಬಿಟ್ಟೆವು. ಹಜಾರದ ಮೂಲೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಕೆಲಸ. ಅದೋ 2014ರದ್ದು. ಬೆಳಿಗ್ಗೆ ಸ್ವಿಚ್ ಒತ್ತಿ ಹೋದರೆ ನಾನು ಹಾಲು ಕಾಯಿಸಿ, ಕಾಫಿ ಸೋಸಿ ತಂದುಕೊಡುವ ಹೊತ್ತಿಗೆ ಅದು ಕಣ್ಣು ಬಿಡುತ್ತಿತ್ತು. ಇರಲಿ ಅಂದುಕೊಂಡಿದ್ದರೆ, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್‌ನವರ ಆಸರೆ ಮುಗಿಯುತ್ತದೆ, ವಿಂಡೋಸ್ 11 ಹಾಕೋಣವೆಂದರೆ ಈ ಹಳೆಯ ಯಂತ್ರಕ್ಕೆ ಆ ಯೋಗ್ಯತೆಯಿಲ್ಲ ಎಂದು ದೊಡ್ಡವನು ಹೇಳಿದ. ಅವನು ಡಿಪ್ಲೊಮಾದಲ್ಲಿ ಕಂಪ್ಯೂಟರ್ ಓದುತ್ತಿದ್ದಾನೆ. "ರೆಡಿ ಸೆಟ್ ಬೇಡ ಅಮ್ಮ, ಬಿಡಿಭಾಗ ತಂದು ನಾನೇ ಜೋಡಿಸ್ತೀನಿ, ದುಡ್ಡು ಉಳಿಯುತ್ತೆ" ಅಂದ. ನನ್ನ 55 ಸಾವಿರದ ಚೀಟಿ ಆಗತಾನೇ ಎತ್ತಿದ್ದೆ. ಅವನಿಗೆ ವಾಸನೆ ಬಡಿದಿತ್ತೆಂದು ಕಾಣುತ್ತದೆ.

ಪ್ರೊಸೆಸರ್, ಬೋರ್ಡು, ರ‍್ಯಾಮ್ ಇವೆಲ್ಲ ಅಪ್ಪ ಮಗ ಇಬ್ಬರೇ ಒಂದು ಸಂಜೆಯಲ್ಲಿ ತೀರ್ಮಾನ ಮಾಡಿಕೊಂಡರು. ರೈಜನ್ 5 5600ಜಿ ಎಂಬುದೊಂದು, ಅದಕ್ಕೊಪ್ಪುವ ಬಿ550 ಬೋರ್ಡು, 16 ಜಿಬಿ ರ‍್ಯಾಮ್. ನಾನು ತುಟಿ ಪಿಟಕ್ಕೆನ್ನಲಿಲ್ಲ. ಆದರೆ "ಫೋಟೋ ಎಲ್ಲಿ ಕೂರುತ್ತೆ?" ಎಂಬ ಪ್ರಶ್ನೆ ಬಂದಾಗ ಮಾತ್ರ ಒಗ್ಗರಣೆ ಸೌಟು ಹಿಡಿದೇ ಹೊರಗೆ ಬಂದೆ.

ನಮ್ಮವರು, "ಇನ್ನೊಂದು ದೊಡ್ಡ ಹಾರ್ಡ್ ಡಿಸ್ಕು ಹಾಕು ಸಾಕು. ಈ ಹೊಸ ಚಿಪ್ಪುಗಳನ್ನೆಲ್ಲ ನಂಬೋಕಾಗಲ್ಲ" ಅಂದರು.

ಮಗ, "ಅಪ್ಪಾ, ಈ ಕಾಲದಲ್ಲಿ ಯಾರು ಹಾರ್ಡ್ ಡಿಸ್ಕಿನಿಂದ ವಿಂಡೋಸ್ ಓಡಿಸ್ತಾರೆ? ಸ್ಯಾಮ್‌ಸಂಗ್ 990 ಪ್ರೊ ಹಾಕೋಣ. ಸೆಕೆಂಡಿಗೆ 7,450 ಎಂಬಿ ಓದುತ್ತೆ!" ಅಂದ.

"ಅಷ್ಟು ಓದಿ ಏನು ಕಲೆಕ್ಟರಾಗುತ್ತೇನೋ?" ಅಂದೆ ನಾನು. "ನಂಗೆ ಅರ್ಥವಾಗೋ ಹಾಗೆ ಹೇಳು. ಇಲ್ದಿದ್ರೆ ಚೀಟಿ ದುಡ್ಡು ಬೀರೂನಲ್ಲೇ ಇರುತ್ತೆ."

ಪಾಪ, ಹುಡುಗ ಅಡುಗೆಮನೆ ಕಟ್ಟೆಯ ಮೇಲೆ ಕೂತು ಹೇಳಿಕೊಟ್ಟ. ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ನಾಳೆ ಮಗನೋ ಅಳಿಯನೋ ಕಂಪ್ಯೂಟರ್ ಎಂದು ದುಡ್ಡು ಕೇಳಿಯೇ ಕೇಳುತ್ತಾರೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲ. ಕೋಟ್ಯಂತರ ಸಣ್ಣ ಸಣ್ಣ ಗೂಡುಗಳು, ಒಂದೊಂದರಲ್ಲೂ ಇಷ್ಟಿಷ್ಟು ವಿದ್ಯುತ್ತು ತುಂಬಿಟ್ಟು ಅದನ್ನೇ ಲೆಕ್ಕವಾಗಿ ಓದುತ್ತಾರೆ. ಪೆನ್ ಡ್ರೈವ್, ಮೊಬೈಲಿನ ಮೆಮೊರಿ ಎಲ್ಲ ಇದೇ ಜಾತಿ. ಇದರಲ್ಲಿ ಎರಡು ಆಕಾರ. ಒಂದು ಇಸ್ಪೀಟು ಕಟ್ಟಿನಷ್ಟು ಅಗಲದ ಚಪ್ಪಟೆ ಪೆಟ್ಟಿಗೆ, ಸಾಟಾ ಅನ್ನುತ್ತಾರೆ. ವೈರು ಹಾಕಿ ಜೋಡಿಸಬೇಕು. ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ. ಇನ್ನೊಂದು ಎಂ.2 ಎಂಬ ಪಟ್ಟಿ. 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. ಬೋರ್ಡಿನ ಮೇಲೇ ಸಿಕ್ಕಿಸಿ ಒಂದು ತಿರುಪು ಹಾಕಿದರೆ ಮುಗಿಯಿತು. ಈ ಪಟ್ಟಿಯಲ್ಲೇ ಎನ್‌ವಿಎಂಇ ಎನ್ನುವ ದಾರಿಯಲ್ಲಿ ಓಡುವುದು 3,500, ಅದಕ್ಕಿಂತ ಹೊಸತು 7,000, ಇನ್ನೂ ಹೊಸತು 14,000ದವರೆಗೂ ಹೋಗುತ್ತದಂತೆ. ಜಾಗ್ರತೆ, ಪಟ್ಟಿಯ ಆಕಾರದಲ್ಲೇ ಬರುವ ನಿಧಾನದ ಸಾಟಾ ಜಾತಿಯದೂ ಉಂಟು. ನೋಡುವುದಕ್ಕೆ ಅಕ್ಕ ತಂಗಿಯರ ಹಾಗೆ. ಡಬ್ಬಿಯ ಮೇಲೆ ಎನ್‌ವಿಎಂಇ ಎಂದು ಬರೆದಿದೆಯೇ ಎಂದು ನೋಡಿಯೇ ಕೊಳ್ಳಬೇಕು.

ನಾನು ಗ್ಯಾಸ್ ಒಲೆ ಕೊಂಡಾಗಿನಿಂದ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಯಾವುದೇ ವಸ್ತುವಿನ ಜೊತೆ ಬರುವ ಕಾಗದದಲ್ಲಿ ದಪ್ಪ ಅಕ್ಷರ ಬಿಟ್ಟು ಸಣ್ಣ ಅಕ್ಷರ ಓದುವುದು. ಮಗನಿಗೆ, "ಆ ಬೋರ್ಡಿನ ಪುಸ್ತಕ ಮೊಬೈಲಲ್ಲಿ ತೆಗಿ, ಸಣ್ಣ ಅಕ್ಷರದ್ದು ಓದು" ಅಂದೆ. ಗೊಣಗಿಕೊಂಡೇ ಓದಿದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು. ಬೋರ್ಡೇನೋ 7,000ದ ಓಟ ತಡೆಯುತ್ತದೆ. ಆದರೆ ಇವರು ಆರಿಸಿಕೊಂಡ 5600ಜಿ ಪ್ರೊಸೆಸರಿಗೆ ಮೂರನೆಯ ಪೀಳಿಗೆಯ ದಾರಿ ಮಾತ್ರ ಗೊತ್ತು. ಎಂಥ ಡ್ರೈವ್ ಹಾಕಿದರೂ 3,500ರ ಆಸುಪಾಸಿನಲ್ಲೇ ಅದು ನಿಲ್ಲುವುದು! ಎತ್ತಿನಗಾಡಿಗೆ ರೇಸಿನ ಕುದುರೆ ಕಟ್ಟಿದ ಹಾಗೆ. ಆ 990 ಪ್ರೊಗೆ ನಾವು ಕೊನೆಗೆ ಕೊಂಡದ್ದರ ಹತ್ತಿರ ಹತ್ತಿರ ಎರಡರಷ್ಟು ಬೆಲೆ. ಒಳ್ಳೆಯ ಮಾಲೇ ಇರಬಹುದು, ನಮ್ಮ ಗಾಡಿಗಲ್ಲ.

"ನೋಡಿದ್ಯಾ?" ಎಂದು ನಾನೇನೂ ಹೇಳಲಿಲ್ಲ. ಮುಖ ನೋಡಿ ನಕ್ಕೆ, ಅಷ್ಟೆ.

ಮಾರನೆಯ ದಿನ ಅವನು ಇನ್ನೊಂದು ತುದಿಗೆ ಹೋದ. "ಹಾಗಾದ್ರೆ ಎಲ್ಲಕ್ಕಿಂತ ಅಗ್ಗದ್ದು ತಗೊಳ್ಳೋಣ." ಅಗ್ಗದ್ದೇಕೆ ಅಗ್ಗ ಎಂದು ಕೇಳಿದೆ. ಅದು ಕ್ಯೂಎಲ್‌ಸಿಯಂತೆ, ಇನ್ನೊಂದು ಟಿಎಲ್‌ಸಿಯಂತೆ. ಇದು ತಿಳಿಯಲು ನನಗೆ ಎರಡು ದಿನ ಹಿಡಿಯಿತು. ಒಂದು ಲೋಟ ಇದೆ ಅಂದುಕೊಳ್ಳಿ. ಅದರಲ್ಲಿ ಹಾಲು ಎಷ್ಟಿದೆ ಎನ್ನುವುದೇ ಲೆಕ್ಕ. ಟಿಎಲ್‌ಸಿ ಲೋಟದಲ್ಲಿ 8 ಮಟ್ಟ ಗುರುತಿಸುತ್ತಾರೆ. ಅದೇ ಲೋಟದಲ್ಲಿ 16 ಮಟ್ಟ ಗುರುತಿಸಿದರೆ ಅದು ಕ್ಯೂಎಲ್‌ಸಿ. ಇಷ್ಟೇ ಜಾಗದಲ್ಲಿ ಹೆಚ್ಚು ಲೆಕ್ಕ ಹಿಡಿಸುತ್ತದೆ, ಅದಕ್ಕೇ ಅಗ್ಗ. ಆದರೆ ಗೆರೆಗಳು ಒತ್ತೊತ್ತಾಗಿರುವುದರಿಂದ ತುಂಬುವಾಗ ಕೈ ನಡುಗದಂತೆ ನಿಧಾನವಾಗಿ ತುಂಬಬೇಕು, ಲೋಟವೂ ಬೇಗ ಸವೆಯುತ್ತದೆ.

ಈ ಸವೆತಕ್ಕೆ ಟಿಬಿಡಬ್ಲ್ಯು ಎಂದೊಂದು ಅಳತೆ ಕೊಟ್ಟಿರುತ್ತಾರೆ. ಒಟ್ಟು ಎಷ್ಟು ಬರೆಯುವವರೆಗೆ ವಾರಂಟಿ ಎಂದು ಅರ್ಥ. ಮಗ ತೋರಿಸಿದ ಎರಡರಲ್ಲಿ, 1 ಟಿಬಿಯ ಕ್ರೂಷಿಯಲ್ ಪಿ3ಗೆ 220 ಟಿಬಿ, ಡಬ್ಲ್ಯುಡಿ ಬ್ಲೂ ಎಸ್‌ಎನ್580ಗೆ 600 ಟಿಬಿ. ಎರಡಕ್ಕೂ 5 ವರ್ಷ ವಾರಂಟಿ. ಅಯ್ಯೋ, 220 ಬೇಗ ಮುಗಿದುಹೋದರೆ ಎಂದು ನನಗೆ ಹೆದರಿಕೆ. ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ವರ್ಷಕ್ಕೆ 40 ಮದುವೆ, ಒಂದಕ್ಕೆ 150 ಜಿಬಿ, ಅಲ್ಲಿಗೆ 6 ಟಿಬಿ. ಕತ್ತರಿಸಿ ಜೋಡಿಸಿ ಮತ್ತೆ ಬರೆಯುವುದೂ ಅಷ್ಟೇ ಎಂದರೆ 12 ಟಿಬಿ. 220ನ್ನು 12ರಿಂದ ಭಾಗಿಸಿದರೆ 18 ವರ್ಷ! 600 ಆದರೆ 50 ವರ್ಷ. ಅಷ್ಟರಲ್ಲಿ ಮೊಮ್ಮಕ್ಕಳ ಮದುವೆಯಾಗಿರುತ್ತದೆ. ಇದನ್ನು ಹಿಡಿದು ಯಾರೂ ನಿದ್ದೆಗೆಡಬೇಕಾಗಿಲ್ಲ ಅಂತ ತಿಳಿಯಿತು. ಲೆಕ್ಕ ಹಾಕದೆ ಹೆದರುವುದು ನನ್ನ ಹಳೇ ರೋಗ.

ಹಾಗಾದರೆ ಅಗ್ಗದ್ದೇ ಸಾಲದೇ? ಅಲ್ಲೊಂದು ಕೊಕ್ಕೆ ಇತ್ತು. ಈ ಡ್ರೈವುಗಳು ಬಂದ ಸಾಮಾನನ್ನು ಮೊದಲು ಒಂದು ಚುರುಕಾದ ಹಜಾರದಲ್ಲಿ ಇಳಿಸಿಕೊಂಡು, ಆಮೇಲೆ ಬಿಡುವಾದಾಗ ಒಳಗೆ ಜೋಡಿಸಿಡುತ್ತವೆ. ಮದುವೆಮನೆಯಲ್ಲಿ ಮೊದಲ ಪಂಕ್ತಿಗೆ ಬೇಗ ಬೇಗ ಬಡಿಸುವುದಿಲ್ಲವೇ, ಹಾಗೆ. ಹಜಾರ ತುಂಬಿದ ಮೇಲೂ ಜನ ಬರುತ್ತಲೇ ಇದ್ದರೆ ಟಿಎಲ್‌ಸಿ ಹೇಗೋ ಸುಧಾರಿಸಿಕೊಳ್ಳುತ್ತದೆ. ಕ್ಯೂಎಲ್‌ಸಿ ಕೆಲವೊಮ್ಮೆ ಹಳೆಯ ಹಾರ್ಡ್ ಡಿಸ್ಕಿಗಿಂತಲೂ ನಿಧಾನವಾಗುತ್ತದಂತೆ. ಡ್ರೈವ್ ತುಂಬುತ್ತಾ ಬಂದಷ್ಟೂ ಹಜಾರವೂ ಚಿಕ್ಕದಾಗುತ್ತದೆ. ಕ್ಯಾಮೆರಾ ಕಾರ್ಡಿನಿಂದ ಇಳಿಸುವಾಗ ಇದು ಗೊತ್ತಾಗಲಿಕ್ಕಿಲ್ಲ, ಕಾರ್ಡೇ ಸೆಕೆಂಡಿಗೆ 90 ಎಂಬಿ ಕೊಟ್ಟರೆ ಹೆಚ್ಚು. ಆದರೆ ಒಂದೇ ಸಮನೆ ತುಂಬಾ ಬರೆಯುವಾಗ ತಡೆದು ತಡೆದು ನಿಲ್ಲಬಹುದು. ಬರೀ ಕಾಗದಪತ್ರ ಬರೆಯುವ, ಮಕ್ಕಳ ಪಾಠ ನೋಡುವ ಮನೆಯಾಗಿದ್ದರೆ ನಾನು ಅಗ್ಗದ್ದೇ ತರುತ್ತಿದ್ದೆ. ಮುಚ್ಚುಮರೆಯಿಲ್ಲ. ನಮ್ಮ ಕೆಲಸಕ್ಕೆ ಟಿಎಲ್‌ಸಿ ಎಂದು ತೀರ್ಮಾನವಾಯಿತು. ಬೆಲೆಯ ವ್ಯತ್ಯಾಸ ಒಂದು ಸಾವಿರ ಚಿಲ್ಲರೆ, ಒಂದು ಮದುವೆಯ ಮುಯ್ಯಿಯ ದುಡ್ಡು.

ಇಷ್ಟಾದರೂ ನನ್ನ ಮನಸ್ಸಿನ ಪ್ರಶ್ನೆ ಹಾಗೇ ಇತ್ತು. ಒಂದು ರಾತ್ರಿ ಪಾತ್ರೆ ತೊಳೆಯುತ್ತಾ ಕೇಳಿಯೇಬಿಟ್ಟೆ. "ಅಲ್ಲ ಕಣೋ, ಇದು ಸತ್ತರೆ ಒಳಗಿರೋದು ವಾಪಸ್ಸು ಬರುತ್ತಾ?"

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಇಲ್ಲ ಅಮ್ಮ. ಹಾರ್ಡ್ ಡಿಸ್ಕಿಗಿಂತ ಕಷ್ಟ. ಅದಾದ್ರೆ ಸಾಯೋ ಮುಂಚೆ ಟಕ್ ಟಕ್ ಅಂತ ಕೆಮ್ಮುತ್ತೆ. ಇದು ಎಷ್ಟೋ ಸಲ ಸದ್ದೇ ಮಾಡಲ್ಲ. ರಾತ್ರಿ ಚೆನ್ನಾಗಿರುತ್ತೆ, ಬೆಳಿಗ್ಗೆ ಇರಲ್ಲ. ಅಳಿಸಿದ ಫೋಟೋನೂ ಅಷ್ಟೆ, ಆ ಜಾಗವನ್ನ ಅದೇ ಹಿಂದಿನಿಂದ ಗುಡಿಸಿ ಸಾರಿಸಿಬಿಡುತ್ತೆ."

ಮೇಷ್ಟ್ರೂ ಹಾಗೇ ಹೋದರಲ್ಲ ಅನ್ನಿಸಿತು. ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ಮತ್ತೆ 5 ವರ್ಷದ ವಾರಂಟಿ ಅಂದ್ಯಲ್ಲೋ?"

"ಅದು ಡ್ರೈವಿಗೆ. ಹೊಸ ಡ್ರೈವ್ ಕೊಡ್ತಾರೆ."

ಅಂದರೆ ಒಡೆದ ಪಾತ್ರೆಗೆ ಹೊಸ ಪಾತ್ರೆ ಕೊಡುತ್ತಾರೆ, ಚೆಲ್ಲಿದ ಪಾಯಸಕ್ಕೆ ಅವರು ಜವಾಬ್ದಾರರಲ್ಲ. ಮೂರು ವಾರದ ಚರ್ಚೆಯಲ್ಲಿ ನನಗೆ ಬೇಕಾಗಿದ್ದ ಮಾತು ಇದೊಂದೇ. ಅಪ್ಪ ಮಗ ಇಬ್ಬರನ್ನೂ ಕೂರಿಸಿ ಹೇಳಿದೆ. "ಯಾವ ಡ್ರೈವ್ ಬೇಕಾದ್ರೂ ತಗೊಳ್ಳಿ. ಆದ್ರೆ ಒಂದೇ ಡ್ರೈವ್ ಅಂದ್ರೆ ನಾನು ದುಡ್ಡು ಕೊಡಲ್ಲ."

ನಮ್ಮವರು, "ಲೇ, ಮೂರು ಮೂರು ಕಡೆ ಇಡೋಕೆ ಅದೇನು ಉಪ್ಪಿನಕಾಯಿಯೇನೇ?" ಎಂದು ರೇಗಿದರು. ಆಗ ಮಗ ನನ್ನ ಕಡೆಗೆ ಬಂದ. ಅಮೆರಿಕದ ಪೀಟರ್ ಕ್ರೋಗ್ ಎಂಬ ಫೋಟೋಗ್ರಾಫರ್ ಹೇಳಿದ ಸೂತ್ರ ಒಂದಿದೆಯಂತೆ. ಮೂರು ಪ್ರತಿ, ಎರಡು ಬೇರೆ ಬೇರೆ ಜಾತಿಯ ವಸ್ತುವಿನ ಮೇಲೆ, ಅದರಲ್ಲಿ ಒಂದು ಮನೆಯಿಂದ ಹೊರಗೆ. ಹೆಂಡತಿ ಹೇಳಿದರೆ ಉಪ್ಪಿನಕಾಯಿ, ಫೋಟೋಗ್ರಾಫರ್ ಹೇಳಿದರೆ ಸೂತ್ರ! ಇರಲಿ, ಒಪ್ಪಿದರಲ್ಲ, ನನಗಷ್ಟೇ ಸಾಕು. ಕೆಲಸಕ್ಕೆ 1 ಟಿಬಿಯ ಎಸ್‌ಎಸ್‌ಡಿ. ಮುಗಿದ ಕೆಲಸ ಇಡಲು ಒಳಗೇ ಒಂದು 4 ಟಿಬಿಯ ಹಾರ್ಡ್ ಡಿಸ್ಕು. ಅದರ ಪ್ರತಿ ಇಟ್ಟುಕೊಂಡು ಹೊರಗಿಡಲು 2 ಟಿಬಿಯದೊಂದು ಕೈಚೀಲದ ಡಿಸ್ಕು. ಇಡುವುದಕ್ಕೆ ಹಾರ್ಡ್ ಡಿಸ್ಕೇ ಏಕೆಂದರೆ, ಎಸ್‌ಎಸ್‌ಡಿಯನ್ನು ಕರೆಂಟಿಲ್ಲದೆ ಬೀರುವಿನಲ್ಲಿಟ್ಟರೆ ಲೋಟದ ಹಾಲು ಆವಿಯಾದ ಹಾಗೆ ವಿದ್ಯುತ್ತು ಮೆಲ್ಲಗೆ ಸೋರುತ್ತದೆ. ಪೂರ್ತಿ ಸವೆದ ಡ್ರೈವಾದರೂ 30 ಡಿಗ್ರಿ ಸೆಖೆಯಲ್ಲಿ ಒಂದು ವರ್ಷ ತಡೆಯಬೇಕೆಂಬುದು ಅದರ ಕಟ್ಟಳೆ. ನಮ್ಮ ಕಡೆಯ ಏಪ್ರಿಲ್ ತಿಂಗಳು 30 ಡಿಗ್ರಿಗೆ ನಿಲ್ಲುತ್ತದೆಯೇ? ಕೊಬ್ಬರಿಗೆ ಅಟ್ಟ ಸರಿ, ಇದಕ್ಕಲ್ಲ.

ಪಕ್ಕದ ಮನೆಯವರು ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿಯುತ್ತದೆ, ಕಾಯಿರಿ ಅಂದಿದ್ದರು. ಕಾದೆವು. ಎಸ್‌ಎಸ್‌ಡಿಗೆ ಮೊದಲೂ 18, ಆಮೇಲೂ 18. 27ನೇ ತಾರೀಕು ಶನಿವಾರ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದೆವು. ಮೊಬೈಲಿನಲ್ಲೇ ತರಿಸಬಹುದಿತ್ತು. ಆದರೆ ನನ್ನ ಓರಗಿತ್ತಿಯ ತಮ್ಮ 1,500 ರೂಪಾಯಿಗೆ 16 ಟಿಬಿ ಎಂದು ತರಿಸಿ ಮೋಸಹೋಗಿದ್ದ. ಒಳಗಿದ್ದದ್ದು ಒಂದು ಸಣ್ಣ ಮೊಬೈಲ್ ಕಾರ್ಡು, ಅದೂ ಸುಳ್ಳು ಲೆಕ್ಕ ತೋರಿಸುವುದು. ನಾನು ಅಂಗಡಿಯಲ್ಲಿ ಬಿಲ್ಲು ಬರೆಸಿ, ಡಬ್ಬಿಯ ಮೇಲಿನ ನಂಬರೂ ಬಿಲ್ಲಿನ ನಂಬರೂ ಒಂದೇ ಎಂದು ನೋಡಿಯೇ ದುಡ್ಡು ಎಣಿಸಿದೆ. ಅಂಗಡಿಯವರು, "ಅಮ್ಮಾವ್ರಿಗೆ ವ್ಯಾಪಾರ ಗೊತ್ತು" ಅಂದರು. "ತಿಪಟೂರಿನವರು ಸ್ವಾಮಿ" ಅಂದೆ.

ಆಯುಧಪೂಜೆಯ ಹಿಂದಿನ ದಿನ ಜೋಡಣೆ. ಎಂ.2 ಪಟ್ಟಿಗೆ ಹಾಕುವ ತಿರುಪು ಮೂಗುಬಟ್ಟಿನ ತಿರುಪಿಗಿಂತ ಚಿಕ್ಕದು. ಮಗನ ಕೈಜಾರಿ ಎಲ್ಲೋ ಬಿತ್ತು. ಅಪ್ಪ ಮಗ ಟಾರ್ಚು ಹಿಡಿದು ಅರ್ಧ ಗಂಟೆ ಹುಡುಕಿದರು. ನಾನು ಬರಿಗೈಯಲ್ಲಿ ನೆಲ ಸವರಿ ಎರಡೇ ನಿಮಿಷದಲ್ಲಿ ಎತ್ತಿಕೊಟ್ಟೆ. ಮೂಗುಬಟ್ಟು ಕಳೆದು ಹುಡುಕಿದ ಅನುಭವ ಗಂಡಸರಿಗೆ ಎಲ್ಲಿ ಬರಬೇಕು? ಅದರ ಮೇಲೆ ಮುಚ್ಚುವ ಲೋಹದ ತಗಡಿನ ಒಳಗಡೆ ತೆಳ್ಳನೆಯ ಪ್ಲಾಸ್ಟಿಕ್ ಹಾಳೆಯಿತ್ತು. ಅದನ್ನು ಸುಲಿಯದೆ ಮುಚ್ಚಹೊರಟಿದ್ದ. "ಇದೇನೋ, ಹಪ್ಪಳದ ಹಾಳೆ ಬಿಟ್ಟ ಹಾಗಿದೆ?" ಅಂದೆ. ಅದು ಇದ್ದರೆ ಡ್ರೈವಿನ ಬಿಸಿ ತಗಡಿಗೆ ಸರಿಯಾಗಿ ದಾಟುವುದಿಲ್ಲವಂತೆ. ನಾಲಿಗೆ ಕಚ್ಚಿಕೊಂಡು ಸುಲಿದ. ಹಚ್ಚಿದಾಗ 1 ಟಿಬಿಯ ಬದಲು 931 ಜಿಬಿ ತೋರಿಸಿತು. ನಾನು ಅಂಗಡಿಯವರು ತೂಕದಲ್ಲಿ ಹೊಡೆದರೆಂದು ಕೂಗಾಡಿದೆ. ಮಾಡಿದವರು ಸಾವಿರದ ಲೆಕ್ಕದಲ್ಲಿ ಅಳೆಯುತ್ತಾರೆ, ವಿಂಡೋಸ್ 1,024ರ ಲೆಕ್ಕದಲ್ಲಿ ಅಳೆಯುತ್ತದೆ, ಮಾಲು ಅಷ್ಟೇ ಇದೆ ಎಂದು ಮಗ ಸಮಾಧಾನ ಮಾಡಿದ. ಈಗ ಸ್ವಿಚ್ ಒತ್ತಿ ತಿರುಗುವಷ್ಟರಲ್ಲಿ ಕಣ್ಣು ಬಿಡುತ್ತದೆ. ಕಾಫಿ ಕುಡಿಯುವುದಕ್ಕೆ ಇವರಿಗೆ ಬೇರೆ ನೆಪ ಬೇಕಾಗಿದೆ.

ಆಮೇಲೆ ವರ್ಷದ ಕೊನೆಯ ಹೊತ್ತಿಗೆ ಇವುಗಳ ಬೆಲೆ ಏರತೊಡಗಿತ್ತು. ಕೃತಕ ಬುದ್ಧಿಮತ್ತೆಯ ದೊಡ್ಡ ಕಂಪನಿಗಳು ಮೆಮೊರಿಯನ್ನೆಲ್ಲ ಬಾಚಿಕೊಳ್ಳುತ್ತಿವೆಯಂತೆ. ನಾವು ಮೊದಲೇ ತಂದದ್ದಕ್ಕೆ ನನ್ನ ಜಾಣತನ ಏನೂ ಕಾರಣವಲ್ಲ, ಚೀಟಿ ಎತ್ತಿದ ಹೊತ್ತು.

ಹೇಳಬೇಕಾದದ್ದು ಇನ್ನೊಂದಿದೆ.

ಆಯುಧಪೂಜೆಗೆಂದು ಕ್ಯಾಮೆರಾ, ಲೆನ್ಸು, ಸ್ಟ್ಯಾಂಡು ಎಲ್ಲ ಒರೆಸಿ ಇಡುತ್ತಿದ್ದೆ. ಹಳೆಯ ಕ್ಯಾಮೆರಾ ಚೀಲ ಕೊಡವಿದಾಗ ಒಳಪದರದ ಹರಿದ ಜಾಗದಿಂದ ಒಂದು ಕಾರ್ಡು ಉದುರಿತು, 4 ಜಿಬಿಯದು. ಸತಾಯಿಸುತ್ತಿದೆಯೆಂದು ಯಾವುದೋ ಸಮಾರಂಭದ ನಡುವೆ ತೆಗೆದು ಚೀಲಕ್ಕೆ ಹಾಕಿ ಇವರು ಮರೆತಿದ್ದರು. ಹೊಸ ಕಂಪ್ಯೂಟರಿಗೆ ಮೊದಲು ಸಿಕ್ಕಿಸಿದ್ದು ಅದನ್ನೇ. 41 ಫೋಟೋ ಇದ್ದವು. ಆರು ವರ್ಷ ಕರೆಂಟು ಕಾಣದ ಕಾರ್ಡು. 3 ತೆರೆಯಲೇ ಇಲ್ಲ, 2 ಅರ್ಧ ಬೂದು ಬಣ್ಣ. ಉಳಿದವು ಬಂದವು.

ಮೇಷ್ಟ್ರ ಮಗಳ ವರಪೂಜೆಯ ಸಂಜೆಯವು. ಧಾರೆಯದಲ್ಲ. ಧಾರೆಯದು ಬೇರೆ ಕಾರ್ಡಿನಲ್ಲಿತ್ತು, ಅದು ಹೋಯಿತು. ಇದರಲ್ಲಿ ಹೆಚ್ಚಿನವು ಚಪ್ಪರ, ಹೂವು, ಬೀಗರ ಸಾಲು. ಒಂದರಲ್ಲಿ ಮಾತ್ರ ಮೇಷ್ಟ್ರು ಇದ್ದರು. ಪೇಟ ಸರಿಯಾಗಿ ಕೂತಿಲ್ಲ. ಕೈಯಲ್ಲಿ ಕಾಯಿಯ ತಟ್ಟೆ. ಯಾರೋ ಏನೋ ಅಂದದ್ದಕ್ಕೆ ತಿರುಗಿ ನಗುತ್ತಿದ್ದಾರೆ.

ನಮ್ಮವರು ಬಹಳ ಹೊತ್ತು ಪರದೆ ನೋಡುತ್ತಾ ಕೂತರು. ಆಮೇಲೆ, "ಮೊದ್ಲು ಕಾಪಿ ಮಾಡೋ" ಎಂದರು ಮಗನಿಗೆ. ಎಸ್‌ಎಸ್‌ಡಿಗೆ ಒಂದು, ದೊಡ್ಡ ಡಿಸ್ಕಿಗೆ ಒಂದು, ಕೈಚೀಲದ ಡಿಸ್ಕಿಗೆ ಒಂದು. ಉಪ್ಪಿನಕಾಯಿಯ ಮಾತು ಆಡಲಿಲ್ಲ.

ಆ ಹುಡುಗಿಯ ಫೋನ್ ನಂಬರು ಬದಲಾಗಿತ್ತು. ಅವರ ತಾಯಿಯ ಮನೆಗೆ ನಾನೇ ಹೋಗಿ ಹೇಳಿ ಬಂದೆ. ದೀಪಾವಳಿಗೆ ತವರಿಗೆ ಬಂದವಳು ನಾಲ್ಕು ವರ್ಷದ ಮಗನ ಕೈಹಿಡಿದು ನಮ್ಮ ಮನೆಗೆ ಬಂದಳು. ಈ ಸಲ ನಮ್ಮವರೇ ಬಾಗಿಲಿಗೆ ಹೋಗಿ ಕರೆದರು. ದೊಡ್ಡದಾಗಿ ಪ್ರಿಂಟು ಹಾಕಿಸಿ, ಕಟ್ಟು ಹಾಕಿಸಿ ಇಟ್ಟಿದ್ದರು. ಅವಳು ಅದನ್ನು ಮಡಿಲಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಏನೂ ಅನ್ನಲಿಲ್ಲ. ಮಗು, "ಯಾರಮ್ಮ ಇದು?" ಎಂದು ಕೇಳಿತು.

"ತಾತ" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಆಂಟಿ, ಅಮ್ಮನಿಗೂ ಒಂದು ಕಾಪಿ ಬೇಕಾಗಿತ್ತು, ಸಿಗುತ್ತಾ?" ಎಂದು ಕೇಳಿದಳು.

"ಸಿಗುತ್ತಮ್ಮ" ಅಂದರು ನಮ್ಮವರು. ಅವತ್ತು ಅವಳು ಊಟ ಮಾಡಿಕೊಂಡು ಹೋದಳು. ಹೋಳಿಗೆ ಮಾಡಿದ್ದೆ.

ಕೈಚೀಲದ ಡಿಸ್ಕು ಈಗ ಅರಸೀಕೆರೆಯಲ್ಲಿ ನನ್ನ ತಮ್ಮನ ಮನೆಯಲ್ಲಿರುತ್ತದೆ. ತಿಂಗಳಿಗೊಮ್ಮೆ ಹೋಗಿ ತಂದು, ಹೊಸದನ್ನೆಲ್ಲ ತುಂಬಿಸಿ, ಹಳೆಯ ಟಿಫನ್ ಡಬ್ಬಿಯಲ್ಲಿ ಬಟ್ಟೆ ಸುತ್ತಿ ಮತ್ತೆ ಕೊಟ್ಟು ಬರುತ್ತೇನೆ. ತವರಿಗೆ ಹೋಗಲು ನನಗೂ ಒಂದು ನೆಪವಾಯಿತು. ಹೋದ ತಿಂಗಳು ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಅಜ್ಜಿ, "ಡಬ್ಬೀಲಿ ಏನವ್ವ, ಅಷ್ಟು ಜೋಪಾನವಾಗಿ ಹಿಡ್ಕಂಡಿದೀಯ?" ಎಂದು ಕೇಳಿತು.

"ಮದುವೆಗಳು ಅಜ್ಜಿ" ಅಂದೆ. ಅಜ್ಜಿ ನನ್ನನ್ನು ಒಂದು ತರಾ ನೋಡಿ, ಸ್ವಲ್ಪ ಆಚೆ ಸರಿದು ಕೂತಿತು.